ಒಡೆದ ಬಳೆಯ ಲೆಕ್ಕ

ರಾತ್ರಿ ಎರಡು ಗಂಟೆ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಬಟ್ಟಲು. ಅದರಲ್ಲಿ ಉಗುರುಬೆಚ್ಚಗಿನ ನೀರು. ಆ ನೀರಿನಲ್ಲಿ ನನ್ನ ಬಲಗೈಯ ಉಂಗುರದ ಬೆರಳು. ಉಗುರುಬೆಚ್ಚಗೆ ಅನ್ನೋ ಮಾತನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಕೂಸಿಗೆ ಎರೆಯುವಾಗ, ಗಂಟಲು ಕೆಟ್ಟಾಗ. ಉಗುರಿಗೇ ಆ ನೀರು ಬೇಕಾಗಿದ್ದು ಅವತ್ತೇ ಮೊದಲು. ಬೆರಳು ಕುಟುಕುಟು ಅಂತ ಬಡಿಯುತ್ತಿತ್ತು. ಕೈ ಇಳಿಬಿಟ್ಟರೆ ಜಾಸ್ತಿ, ಎತ್ತಿ ಹಿಡಿದರೆ ಸ್ವಲ್ಪ ಕಡಿಮೆ. ಉಗುರಿನ ಮೇಲೆ ಮಾತ್ರ ದಾಳಿಂಬೆ ಬಣ್ಣ ಫಳಫಳ ಹೊಳೆಯುತ್ತಿತ್ತು. ಎರಡು ದಿನದ ಹಿಂದೆ 1,800 ರೂಪಾಯಿ ಕೊಟ್ಟು ಹಾಕಿಸಿಕೊಂಡ ಬಣ್ಣ ಅದು.

ಆ ರಾತ್ರಿ ನೋವಿಗಿಂತ ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಬಣ್ಣ ಹಾಕಿಸಿಕೊಳ್ಳಲು ಆ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದಾಗಲೇ ನನಗೆ ಗೊತ್ತಾಗಿತ್ತು, ಏನೋ ಸರಿಯಿಲ್ಲ ಅಂತ. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ನಾನು ಹೈಸ್ಕೂಲ್ ಟೀಚರ್. ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗ ಪಿಸುಗುಟ್ಟಿದರೂ ನಿಲ್ಲಿಸಿ ಕೇಳುವವಳು. ಅಂಥವಳು ನನ್ನದೇ ಕೈ ಉರಿಯುತ್ತಿದ್ದಾಗ ಯಾಕೆ ಸುಮ್ಮನಿದ್ದೆ?

ನಡೆದದ್ದು ಹೀಗೆ. ಬಾಗಲಕೋಟೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ನನ್ನ ನಾದಿನಿ ಹತ್ತು ದಿನ ಮೊದಲೇ ಗಂಟುಬಿದ್ದಿದ್ದಳು. "ವೈನಿ, ಈ ಸಲ ಇಬ್ರೂ ನೇಲ್ಸ್ ಮಾಡಿಸ್ಕೊಳ್ಳೋಣ್ರಿ. ನೀವು ಯಾವಾಗ್ಲೂ ಬರೇ ಮೆಹಂದಿ ಹಚ್ಕೊಂಡು ಮುಗಿಸ್ತೀರಿ." ನನಗೂ ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ವರ್ಷವಿಡೀ ಚಾಕ್‌ಪೀಸ್ ಹಿಡಿದು, ಪಾತ್ರೆ ತಿಕ್ಕಿ, ಉತ್ತರಪತ್ರಿಕೆ ತಿದ್ದಿ ಸವೆದ ಕೈಗಳು. ಒಂದು ಮದುವೆಯಲ್ಲಾದರೂ ಚೆಂದ ಕಾಣಲಿ ಅಂದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಅಲ್ವಾ?

ನಾನು ಮದುವೆಯಾಗಿ ಬೆಳಗಾವಿಗೆ ಬಂದಾಗ ಪಾರ್ಲರ್ ಅಂದರೆ ಐಬ್ರೊ, ಫೇಶಿಯಲ್, ಮದುಮಗಳ ಮೇಕಪ್. ಈಗ ಟಿಳಕವಾಡಿ ಕಡೆ ಹೊರಟರೆ ಉಗುರಿಗೆಂದೇ ಅಂಗಡಿಗಳಿವೆ. ಗಾಜಿನ ಬಾಗಿಲು, ಗುಲಾಬಿ ಗೋಡೆ, ಗೋಡೆಯ ತುಂಬ ಬಣ್ಣದ ಬಾಟಲಿಗಳು. ನಾವು ಹೋದದ್ದು ಅಂಥ ಒಂದು ಅಂಗಡಿಗೆ, ಬುಧವಾರ ಸಂಜೆ. ಹೆಸರು ಬೇಡ. ಯಾಕೆ ಬೇಡ ಅನ್ನೋದು ಮುಂದೆ ಗೊತ್ತಾಗುತ್ತದೆ.

ನನ್ನ ಕೈ ಹಿಡಿದ ಹುಡುಗಿಗೆ ಇಪ್ಪತ್ತು ಇಪ್ಪತ್ತೊಂದು ಇರಬಹುದು. ಮುಖಕ್ಕೆ ಮಾಸ್ಕ್ ಇರಲಿಲ್ಲ. ನನಗಿಂತ ಮುಂಚೆ ಕೂತವರು ಎದ್ದು ಹೋಗಿ ಎರಡು ನಿಮಿಷ ಆಗಿತ್ತಷ್ಟೆ. ಟ್ರೇನಲ್ಲಿದ್ದ ಸಾಮಾನುಗಳನ್ನೇ ಒಂದು ನ್ಯಾಪ್‌ಕಿನ್‌ನಿಂದ ಒರೆಸಿ ನನಗೆ ಶುರುಮಾಡಿದಳು. ಮೊದಲು ಉಗುರಿನ ಬುಡದ ಚರ್ಮ ಹಿಂದಕ್ಕೆ ಒತ್ತಿದಳು. ಆಮೇಲೆ ನಿಪ್ಪರ್ ತಗೊಂಡು ಅದನ್ನು ಸುತ್ತಲೂ ಕತ್ತರಿಸಿದಳು. ಉಂಗುರದ ಬೆರಳಿನಲ್ಲಿ ಒಂದು ಹನಿ ರಕ್ತ ಬಂತು. ಹತ್ತಿಯಿಂದ ಒತ್ತಿದಳು, ನಿಂತಿತು. ಆಮೇಲೆ ಡ್ರಿಲ್. ಉಗುರಿನ ಮೇಲ್ಮೈ ಒರಟು ಮಾಡಿದರೆ ಅದರ ಮೇಲೆ ಬಳಿಯುವ ಬಣ್ಣದ ಜೆಲ್ ಗಟ್ಟಿಯಾಗಿ ಹಿಡಿಯುತ್ತದಂತೆ. ಅದೇ ಬೆರಳಿನಲ್ಲಿ ಡ್ರಿಲ್ ಒಂದೇ ಕಡೆ ನಿಂತಿತು. ಕಾದ ಸೂಜಿ ಚುಚ್ಚಿದಂತಾಯಿತು. ಕೈ ಎಳೆದುಕೊಂಡೆ.

"ಸ್ವಲ್ಪ ತಡ್ಕೋರಿ ಅಕ್ಕಾ, ಆತು."

ಆಮೇಲೆ ಕೃತಕ ಉಗುರಿನ ತುದಿಗಳನ್ನು ಅಂಟಿಸಿ, ಜೆಲ್ ಬಳಿದು, ಅದು ಗಟ್ಟಿಯಾಗಲೆಂದು ಲ್ಯಾಂಪಿನೊಳಗೆ ಕೈ ಇಡಿಸಿದಳು. ಹತ್ತು ಸೆಕೆಂಡಿಗೆ ಆ ಬೆರಳು ಸುಟ್ಟಂತಾಯಿತು. ಮತ್ತೆ ಕೈ ಹೊರಗೆ ತೆಗೆದೆ. "ಎಲ್ಲಾರಿಗೂ ಹಂಗ ಆಗ್ತೈತ್ರಿ, ಏನೂ ಆಗಂಗಿಲ್ಲ" ಅಂದಳು. ಪಕ್ಕದ ಕುರ್ಚಿಯಲ್ಲಿ ನಾದಿನಿ ಆರಾಮಾಗಿ ಫೋನ್ ನೋಡುತ್ತಾ ಕೂತಿದ್ದಳು. ಎದುರಿಗೆ ಇನ್ನಿಬ್ಬರು ಕಾಯುತ್ತಿದ್ದರು. ಹುಡುಗಿ ಮುಂಜಾನೆಯಿಂದ ಊಟ ಮಾಡಿದಂತಿರಲಿಲ್ಲ. ಇಷ್ಟೆಲ್ಲ ನೋಡಿ, ನನ್ನೊಬ್ಬಳದೇ ಗೋಳು ಯಾಕೆ ಅಂತ ಹಲ್ಲು ಕಚ್ಚಿ ಕೂತೆ. ನಮ್ಮನ್ನು ಹಾಗೇ ಬೆಳೆಸಿದ್ದಾರೆ. ತಡಕೊಳ್ಳುವ ಹೆಣ್ಣುಮಗಳು ಒಳ್ಳೆಯವಳು. ಕೈ ಎಳೆದುಕೊಳ್ಳುವವಳು ನಾಜೂಕಿನವಳು.

ಗುರುವಾರ ಏನೂ ಅನಿಸಲಿಲ್ಲ. ಶುಕ್ರವಾರ ಸಂಜೆಗೆ ಉಗುರಿನ ಬುಡ ಕೆಂಪಗಾಯಿತು, ರಾತ್ರಿಗೆ ಬೆರಳು ಬಾತುಕೊಂಡಿತು. ಶನಿವಾರ ಬೆಳಿಗ್ಗೆ ಹಾಗೇ ಬಾಗಲಕೋಟೆಯ ದಾರಿ ಹಿಡಿದೆವು.

ಮದುವೆ ಮನೆಯಲ್ಲಿ ಅವತ್ತು ಬಳೆ ಇಡಿಸುವ ಶಾಸ್ತ್ರ. ಪಡಸಾಲೆಯಲ್ಲಿ ಚಾಪೆ ಹಾಸಿ ಬಳೆಗಾರ ಕೂತಿದ್ದ. ಅರವತ್ತು ದಾಟಿದ ಹಿರಿಯ. ಎದುರಿಗೆ ಬಳೆಯ ಮಲಾರ, ಹಸಿರು ಗಾಜಿನ ಬಳೆಗಳ ಸಾಲು ಸಾಲು ಸರ. ಮದುಮಗಳಿಂದ ಶುರುವಾಗಿ ಮನೆಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಎದುರಿಗೆ ಕೂತು ಕೈ ಚಾಚುವುದು. ನನ್ನ ಸರದಿ ಬಂತು. ಆತ ಮೊದಲು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೆತ್ತಗೆ ಹಿಸುಕಿದ. ಹೆಬ್ಬೆರಳಿನ ಬುಡದ ಗಂಟು ಎಲ್ಲಿದೆ, ಅಂಗೈ ಎಷ್ಟು ಮಡಚುತ್ತದೆ, ಎಲ್ಲ ಮುಟ್ಟಿಯೇ ತಿಳಿದುಕೊಂಡ. ಆಮೇಲೆ ಬೆರಳು ನೋಡಿದ.

"ಇದೇನಾತ್ರಿ ಅವ್ವಾರ? ಬಟ್ಟು ಬಾತೈತಲ್ಲ. ಈ ಕೈಗೆ ಒಂದಳತಿ ದೊಡ್ಡದು ಇಡೋಣ್ರಿ. ಕೈ ಸಡ್ಲ ಬಿಡ್ರಿ. ನೋವಾದ್ರ ಹೇಳ್ರಿ, ತಡ್ಕೋಬ್ಯಾಡ್ರಿ. ನೀವು ತಡ್ಕೊಂಡ್ರ ಕೈ ಬಿಗಿ ಆಗ್ತೈತಿ, ಬಳಿ ಒಡೀತೈತಿ."

ಒಂದು ಬಳೆ ಒಡೆಯಿತು ಕೂಡ. ನಾನು ಮೈ ಬಿಗಿಹಿಡಿದಿದ್ದಕ್ಕೇ ಒಡೆದದ್ದು. ಆತ ಚೂರುಗಳನ್ನು ಆಯ್ದು ಪಕ್ಕಕ್ಕಿಟ್ಟ. ನನ್ನ ಮಣಿಕಟ್ಟು ತಿರುಗಿಸಿ ಗಾಜು ತಾಗಿದೆಯಾ ಅಂತ ನೋಡಿದ. ಇನ್ನೊಂದು ಬಳೆ ತೊಡಿಸಿದ. ಕೊನೆಗೆ ಚಿಕ್ಕಪ್ಪ ರೊಕ್ಕ ಕೊಡುವಾಗ ಆತ ಎಣಿಸಿದ್ದು ಕೈಗೆ ಏರಿದ ಬಳೆಗಳನ್ನು ಮಾತ್ರ. ಒಡೆದದ್ದನ್ನು ಎಣಿಸಲಿಲ್ಲ. ನಮ್ಮ ಅವ್ವನ ಕಾಲದಿಂದಲೂ ನಾನು ನೋಡಿದ ರೀತಿ ಇದು. ಕೈಗೆ ಏರುವ ತನಕ ಬಳೆ ಬಳೆಗಾರನದು. ಒಡೆದರೆ ಅವನ ಲೆಕ್ಕ.

ಎಷ್ಟೋ ಸಲ ಬಳೆ ಇಡಿಸಿಕೊಂಡಿದ್ದೇನೆ. ಆ ಮಾತು ಕಿವಿಗೆ ಬಿದ್ದದ್ದು ಮಾತ್ರ ಅವತ್ತು. ನೋವಾದ್ರ ಹೇಳ್ರಿ, ತಡ್ಕೋಬ್ಯಾಡ್ರಿ. ಪರಹೆಣ್ಣುಮಕ್ಕಳ ಕೈ ಹಿಡಿದೇ ಹೊಟ್ಟೆ ಹೊರೆಯುವ ಕಸುಬು ಅವನದು. ನೋವು ಹೇಳಿಸಿಕೊಳ್ಳುವುದೂ ಆ ಕಸುಬಿನ ಒಂದು ಭಾಗ. ಬಹುಶಃ ಅದೇ ಮೊದಲ ಪಾಠ.

ರಾತ್ರಿ ಅವ್ವ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸಿದಳು. ಉಗುರುಸುತ್ತಿಗೆ ನಮ್ಮ ಮನೆಯ ಮದ್ದು. ಸೀಳಿದ ಚರ್ಮಕ್ಕೆ ನಿಂಬೆರಸ ತಾಗಿ ಕಣ್ಣಲ್ಲಿ ನೀರು ಬಂತು. ಭಾನುವಾರ ಅಕ್ಷತೆ ಹಾಕಿದ್ದು ಎಡಗೈಯಲ್ಲಿ. ಯಾರೂ ಏನೂ ಅನ್ನಲಿಲ್ಲ, ಆದರೆ ನನಗೆ ಅದು ಇವತ್ತಿಗೂ ಸಂಕಟ. ತಂಗಿಯ ತಲೆಯ ಮೇಲೆ ಬಲಗೈಯಿಂದ ಅಕ್ಷತೆ ಹಾಕಲಾಗಲಿಲ್ಲ. ಊಟದ ಪಂಕ್ತಿಯಲ್ಲಿ ಹೋಳಿಗೆಯನ್ನು ನಾದಿನಿ ಮುರಿದು ಕೊಟ್ಟಳು.

ಸೋಮವಾರ ಬೆಳಗಾವಿಗೆ ಬಂದವಳೇ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಬೆರಳನ್ನು ದೀಪದ ಕೆಳಗೆ ಹಿಡಿದು ನೋಡಿ, ಸಣ್ಣಗೆ ಚುಚ್ಚಿ ಕೀವು ತೆಗೆದರು. ಐದು ದಿನದ ಮಾತ್ರೆ ಬರೆದರು. ಆಮೇಲೆ ಬಿಳಿ ಹಾಳೆಯ ಮೇಲೆ ಒಂದು ಉಗುರಿನ ಚಿತ್ರ ಬರೆದು ತೋರಿಸಿದರು. ಉಗುರಿನ ಬುಡದಲ್ಲಿ ಉಗುರಿಗೂ ಚರ್ಮಕ್ಕೂ ನಡುವೆ ಒಂದು ತೆಳ್ಳನೆಯ ಅಂಚು ಇರುತ್ತದಲ್ಲ, ಕ್ಯುಟಿಕಲ್, ಅದು ಸಂದಿ ಮುಚ್ಚುವ ಕೆಲಸ ಮಾಡುತ್ತದೆ. ಕತ್ತರಿಸಿದರೆ ಬಾಗಿಲು ತೆಗೆದಿಟ್ಟ ಹಾಗೆ. ಹಿಂದಿನವರ ಕೈಗೆ ತಾಗಿದ ನಿಪ್ಪರ್‌ನಿಂದಲೇ ಕತ್ತರಿಸಿದರೆ, ಬಾಗಿಲು ತೆಗೆದು ಕಳ್ಳನನ್ನೂ ಒಳಗೆ ಕರೆದ ಹಾಗೆ. ಇಂಥ ಉಗುರುಸುತ್ತಿಗೆ ಹೆಚ್ಚಾಗಿ ಕಾರಣ ಸ್ಟೆಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ. ಚರ್ಮ ಗಟ್ಟಿಯಾಗಿದ್ದಾಗ ಅದು ಮೇಲೇ ಇರುತ್ತದೆ, ದಾರಿ ಸಿಕ್ಕರೆ ಒಳಗೆ ಇಳಿಯುತ್ತದೆ.

"ಶುಗರ್ ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ. ನನಗಿಲ್ಲ, ನಮ್ಮ ಅವ್ವನಿಗಿದೆ. ಶುಗರ್ ಇದ್ದವರಿಗೆ ಇಂಥ ಗಾಯ ಬೇಗ ಮಾಯುವುದಿಲ್ಲ, ಸೋಂಕು ಬೇಗ ಏರುತ್ತದೆ. ಅವ್ವನನ್ನೂ ಕರೆದುಕೊಂಡು ಹೋಗಿ ಕಾಲಿನ ಉಗುರು ಸ್ವಚ್ಛ ಮಾಡಿಸೋಣ ಅಂತ ನಾವು ಮಾತಾಡಿಕೊಂಡಿದ್ದೆವು. ಅದು ನೆನಪಾಗಿ ಕೂತಲ್ಲೇ ಮೈ ತಣ್ಣಗಾಯಿತು.

ಲ್ಯಾಂಪಿನಲ್ಲಿ ಯಾಕೆ ಸುಟ್ಟಿತು ಅಂತಲೂ ಕೇಳಿದೆ. ಜೆಲ್ ಗಟ್ಟಿಯಾಗುವಾಗ ತಾನೇ ಬಿಸಿ ಬಿಡುತ್ತದಂತೆ. ಉಗುರು ದಪ್ಪಗಿದ್ದರೆ ಆ ಬಿಸಿ ಅಷ್ಟು ಗೊತ್ತಾಗುವುದಿಲ್ಲ. ಡ್ರಿಲ್ ತಾಗಿ ಉಗುರು ತೆಳ್ಳಗಾಗಿದ್ದರೆ ನೇರ ಒಳಗಿನ ಮೃದು ಭಾಗಕ್ಕೇ ಹೋಗುತ್ತದೆ. ಅಂದರೆ ಆ ಉರಿ ಒಂದು ಎಚ್ಚರಿಕೆ. ಎಲ್ಲರಿಗೂ ಆಗುವಂಥದ್ದು ಅಂತ ಬಿಡುವಂಥದ್ದಲ್ಲ. ಅವರು ಇನ್ನೊಂದು ಮಾತು ಹೇಳಿದರು. ಆ ಲ್ಯಾಂಪಿನಿಂದ ಬರುವುದು ಯುವಿಎ ಅನ್ನೋ ನೇರಳಾತೀತ ಕಿರಣ. ಅದು ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡಬಲ್ಲದು ಅಂತ ಅಮೆರಿಕದ ಸ್ಯಾನ್ ಡಿಯಾಗೊದ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಅದು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲೆ ನಡೆದದ್ದು. ವರ್ಷಕ್ಕೊಮ್ಮೆ ಹಾಕಿಸಿಕೊಂಡವರು ಹೆದರಿ ಕೂರಬೇಕಿಲ್ಲ. ಆದರೆ ಕೈಗೆ ಮೊದಲೇ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಇಲ್ಲವೇ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಳ್ಳಿ ಅಂದರು.

ನಾದಿನಿ ತನ್ನ ಉಗುರುಗಳನ್ನೂ ಹೆದರಿ ಕಿತ್ತುಹಾಕಲು ಹೊರಟಿದ್ದಳು. ಅದೊಂದು ಮಾಡಬೇಡಿ ಅಂದರು ಡಾಕ್ಟರ್. ಕಿತ್ತರೆ ಜೆಲ್ ಜೊತೆಗೆ ಉಗುರಿನ ಪದರವೂ ಎದ್ದು ಬರುತ್ತದೆ. ಮೇಲಿನ ಹೊಳಪನ್ನು ಮೆಲ್ಲಗೆ ತಿಕ್ಕಿ ತೆಗೆದು, ಬಣ್ಣ ಮೆತ್ತಗೆ ಮಾಡುವ ಅಸಿಟೋನ್ ದ್ರವದಲ್ಲಿ ಅದ್ದಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ ಹತ್ತು ಹದಿನೈದು ನಿಮಿಷ ಬಿಡಬೇಕು. ಮೆತ್ತಗಾದದ್ದನ್ನು ಕಟ್ಟಿಗೆಯ ಕಡ್ಡಿಯಿಂದ ಸರಿಸಬೇಕು. ಬಾರದಿದ್ದರೆ ಮತ್ತೆ ಸುತ್ತಬೇಕು. ನನ್ನ ಒಂಬತ್ತು ಉಗುರು ಹಾಗೆ ತೆಗೆದೆವು. ಹತ್ತನೆಯದು ಗಾಯ ಮಾಯುವ ತನಕ ದಾಳಿಂಬೆ ಬಣ್ಣದಲ್ಲೇ ಉಳಿಯಿತು.

ಸೋಮವಾರ ರಾತ್ರಿ ಫೋನ್ ತೆಗೆದು ಆ ಅಂಗಡಿಯ ಬಗ್ಗೆ ಎಡಗೈಯಲ್ಲಿ ಉದ್ದಕ್ಕೆ ಟೈಪ್ ಮಾಡಿದೆ. ಆ ಹುಡುಗಿಯ ಹೆಸರೂ ಹಾಕಿದ್ದೆ. ಇಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ ಅಂತ ಬರೆದಿದ್ದೆ. ನಮ್ಮ ಮನೆಯವರು ಓದಿ, "ಆ ಹುಡುಗಿ ಕೆಲಸ ಹೋದ್ರ ನಿನ್ನ ಬೆರಳು ಆರಾಮ ಆಗ್ತದೇನು?" ಅಂದರು. ನನಗೆ ಸಿಟ್ಟು ಬಂತು. ನೋವು ನನ್ನದು, ನ್ಯಾಯ ಆಕೆಯ ಕಡೆಗಾ? ಮಾತು ಬಿಟ್ಟು ಮಲಗಿದೆ. ನಿದ್ದೆ ಬರಲಿಲ್ಲ. ಬಳೆಗಾರ ಚೂರು ಆಯ್ದಿಟ್ಟದ್ದು ಕಣ್ಣೆದುರು ಬರುತ್ತಿತ್ತು. ಬೆಳಗಿನ ಜಾವ ಎದ್ದು ಟೈಪ್ ಮಾಡಿದ್ದನ್ನೆಲ್ಲ ಅಳಿಸಿದೆ. ನನಗೆ ಬೇಕಾಗಿದ್ದದ್ದು ಏನು ಅಂತ ಒಂದು ಹಾಳೆಯಲ್ಲಿ ಬರೆಯಲು ಕೂತೆ.

ಅದನ್ನು ಬರೆಯುವುದು ನಾನು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಸಿಟ್ಟಿನಲ್ಲಿದ್ದಾಗ ನಮಗೆ ಬೇಕಿರುವುದು ಎದುರಿನವರು ಸಣ್ಣಗಾಗುವುದು. ಅದನ್ನು ಬಿಟ್ಟು ಏನು ಬೇಕು ಅಂತ ಕೇಳಿಕೊಂಡರೆ ಪೆನ್ ನಿಲ್ಲುತ್ತದೆ. ಕೊನೆಗೆ ಮೂರು ಸಾಲು ಬರೆದೆ. ಕೊಟ್ಟ 1,800 ವಾಪಸ್. ಡಾಕ್ಟರ್ ಮತ್ತು ಔಷಧದ ಖರ್ಚು 1,460. ಒಬ್ಬರಿಗೆ ಬಳಸಿದ ಸಾಮಾನು ಸರಿಯಾಗಿ ಸ್ವಚ್ಛವಾಗದೆ ಇನ್ನೊಬ್ಬರಿಗೆ ತಾಗಬಾರದು. ಮೂರನೆಯದನ್ನು ಬರೆದ ಮೇಲೆ ಅದರ ಕೆಳಗೆ ಎರಡು ಗೆರೆ ಎಳೆದೆ.

ಶುಕ್ರವಾರದಿಂದ ದಿನಾ ಬೆರಳಿನ ಫೋಟೊ ತೆಗೆದಿಟ್ಟಿದ್ದೆ, ಫೋನ್‌ಪೇಯಲ್ಲಿ ಹಣ ಕೊಟ್ಟ ಗುರುತು ಇತ್ತು, ಡಾಕ್ಟರ ಚೀಟಿ ಇತ್ತು. ಅಂಗಡಿಯ ಬಿಲ್ ಮಾತ್ರ ಇರಲಿಲ್ಲ. ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಹೋಗುವ ಮುಂಚೆ ಕಾನೂನು ಬಲ್ಲ ಒಬ್ಬ ಸಹೋದ್ಯೋಗಿಯ ಗಂಡನನ್ನು ಕೇಳಿ ತಿಳಿದುಕೊಂಡೆ. ಬಿಲ್ ಕೊಡದೇ ಇರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೆಲಸ ಸರಿಯಾಗಿ ಮಾಡದೇ ಇರುವುದು ಸೇವೆಯ ಕೊರತೆ. ಮಾತಿಗೆ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಟ್ಟರೆ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ನಮ್ಮ ಮಾತು ನಾವೇ ಆಡಬಹುದು. ನಾನು ಅಲ್ಲಿಯ ತನಕ ಹೋಗಲಿಲ್ಲ. ಆದರೆ ಹೋಗಲು ದಾರಿ ಇದೆ ಅಂತ ಗೊತ್ತಾದ ಮೇಲೆ ನನ್ನ ದನಿ ತಾನಾಗಿಯೇ ತಗ್ಗಿತು. ದಾರಿ ಗೊತ್ತಿಲ್ಲದವರೇ ಕೂಗಾಡುವುದು ಅನಿಸುತ್ತದೆ ನನಗೆ.

ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಬೇಕೆಂದೇ ಆ ಹೊತ್ತು ನೋಡಿದ್ದು. ಗಿರಾಕಿಗಳು ಇರಬಾರದು. ನಾಲ್ಕು ಜನರ ಎದುರು ಕೇಳಿದರೆ ಯಾರೂ ತಪ್ಪು ಒಪ್ಪಿಕೊಳ್ಳುವುದಿಲ್ಲ, ಮಕ್ಕಳಲ್ಲೂ ನೋಡಿದ್ದೇನೆ. ಅಂಗಡಿಯ ಒಡತಿ ಇದ್ದರು. ಬೆರಳು ತೋರಿಸಿದೆ. ಮೊದಲು ಬಂದ ಮಾತು, "ನಿಮ್ಮ ಸ್ಕಿನ್ ಸೆನ್ಸಿಟಿವ್ ಇರಬೇಕ್ರಿ ಮೇಡಂ." ಎರಡನೆಯದು, "ಬೇಕಾದ್ರ ಇನ್ನೊಮ್ಮೆ ಫ್ರೀಯಾಗಿ ಮಾಡಿಕೊಡ್ತೀವ್ರಿ." ನಾನು ಎರಡಕ್ಕೂ ವಾದ ಮಾಡಲಿಲ್ಲ. ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟು, ಬುಧವಾರ ಸಂಜೆ ಏನೇನು ನಡೆಯಿತು ಅಂತ ಒಂದೊಂದಾಗಿ ಹೇಳಿದೆ. ನ್ಯಾಪ್‌ಕಿನ್, ನಿಪ್ಪರ್, ರಕ್ತ, ಡ್ರಿಲ್, ಲ್ಯಾಂಪ್.

ಅವರು ಎದ್ದು ಒಂದು ಪೆಟ್ಟಿಗೆ ತೋರಿಸಿದರು. ಒಳಗೆ ನೀಲಿ ದೀಪ. "ಸ್ಟೆರಿಲೈಸರ್ ಐತ್ರಿ ನಮ್ಮಲ್ಲಿ." ಡಾಕ್ಟರ್ ಇದನ್ನೂ ಹೇಳಿದ್ದರು. ಬೆಳಕು ತಾಗಿದ ಕಡೆ ಮಾತ್ರ ಅದರ ಕೆಲಸ. ನಿಪ್ಪರ್‌ನ ಎರಡು ಅಲಗಿನ ಸಂದಿಗೆ, ಒಣಗಿದ ರಕ್ತದ ಕೆಳಗೆ ಬೆಳಕು ಹೋಗುವುದಿಲ್ಲ. ಮೊದಲು ಸೋಪು ನೀರಿನಲ್ಲಿ ತಿಕ್ಕಿ ತೊಳೆಯಬೇಕು. ಆಮೇಲೆ ಆಟೋಕ್ಲೇವ್. ಹಬೆಯ ಒತ್ತಡದಲ್ಲಿ 121 ಡಿಗ್ರಿ ಬಿಸಿ, ಕಮ್ಮಿ ಅಂದರೂ 15 ನಿಮಿಷ. ನಮ್ಮ ಮನೆಯ ಕುಕ್ಕರ್ ಥರದ್ದೇ ಯಂತ್ರ. ದವಾಖಾನೆಗಳಲ್ಲಿ ಮಾಡುವುದು ಅದನ್ನೇ. ಇದನ್ನು ಹೇಳುವಾಗ ನಾನು ಪಾಠ ಮಾಡುವ ದನಿಗೆ ಹೋಗದ ಹಾಗೆ ತುಂಬಾ ಎಚ್ಚರ ವಹಿಸಿದೆ.

ಅವರು ಸುಮ್ಮನೆ ಕೇಳಿದರು. ಆಮೇಲೆ ಒಳಗಿನಿಂದ ಆ ಹುಡುಗಿಯನ್ನು ಕರೆದರು. ನನ್ನ ಎದುರೇ ಶುರುವಾಯಿತು. "ಎಷ್ಟ ಸಲ ಹೇಳೇನಿ ನಿನಗ? ಇವತ್ತಿಂದ ನಿನ್ನ ಪಗಾರದಾಗ ಹಿಡೀತೀನಿ." ಹುಡುಗಿ ತಲೆ ತಗ್ಗಿಸಿ ನಿಂತಳು. ಎರಡೂ ಕೈ ದುಪಟ್ಟಾದಲ್ಲಿ ಸುತ್ತಿಕೊಂಡಿದ್ದಳು.

ಒಂದು ವಾರದ ಹಿಂದಿನ ನಾನಾಗಿದ್ದರೆ ಅದು ನನಗೆ ಬೇಕಾದದ್ದೇ ಆಗಿತ್ತು. ಆದರೆ ಅಲ್ಲಿ ನಿಂತಾಗ ಸಂಕಟವಾಯಿತು. "ಆಕಿಗೆ ಬೈಬ್ಯಾಡ್ರಿ" ಅಂದೆ. "ಆಕಿಗೆ ಕಲಿಸಿದವರು ಯಾರ್ರಿ?" ಒಡತಿ ಉತ್ತರ ಕೊಡಲಿಲ್ಲ. ಹುಡುಗಿಯೇ ಮೆಲ್ಲಗೆ ಹೇಳಿದಳು, ಹದಿನೈದು ದಿನ ನೋಡಿ ಕಲಿತದ್ದಂತೆ. ಡ್ರಿಲ್ ಕೈಗೆ ಕೊಟ್ಟು ಒಂದು ತಿಂಗಳಾಗಿತ್ತು. ಹಾಗೆ ಹೇಳುವಾಗ ಆಕೆಯ ಕೈ ದುಪಟ್ಟಾದಿಂದ ಹೊರಗೆ ಬಂತು.

ಆ ಕೈಗಳನ್ನು ನಾನು ಬುಧವಾರ ಒಂದೂವರೆ ಗಂಟೆ ಹಿಡಿದಿದ್ದೆ. ನೋಡಿರಲಿಲ್ಲ. ಹೆಬ್ಬೆರಳು, ತೋರುಬೆರಳಿನ ತುದಿಗಳು ಒಣಗಿ, ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿದ್ದವು. ಒಂದು ಬಿರುಕಿನಲ್ಲಿ ರಕ್ತ ಒಣಗಿತ್ತು. ಉಗುರಿನ ಸುತ್ತ ಚರ್ಮ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. "ತುರಸ್ತೈತೇನು?" ಅಂದೆ. "ರಾತ್ರಿ ಭಾಳ ತುರಸ್ತೈತ್ರಿ ಅಕ್ಕಾ. ಪೌಡರ್ ಧೂಳಿಗೆ ಆಗಿರಬೇಕು."

ಧೂಳಿನ ಜೊತೆ ಜೆಲ್ಲೂ ಕಾರಣ ಇರಬಹುದು. ಜೆಲ್‌ನಲ್ಲಿ ಅಕ್ರಿಲೇಟ್ ಅನ್ನೋ ರಾಸಾಯನಿಕಗಳಿರುತ್ತವೆ. ಗಟ್ಟಿಯಾದ ಮೇಲೆ ಅಷ್ಟು ತೊಂದರೆ ಕೊಡುವುದಿಲ್ಲ. ಹಸಿ ಇದ್ದಾಗ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಚರ್ಮದ ಅಲರ್ಜಿ ನೋಡುವ ವೈದ್ಯರ ಸಂಘವಾದ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2012ರಲ್ಲೇ ಅಕ್ರಿಲೇಟ್‌ಗಳನ್ನು ಆ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ. ಮುಂದೆ ಹಲ್ಲಿಗೆ ತುಂಬುವ ಸಾಮಗ್ರಿಯಿಂದಲೂ, ಮಂಡಿಚಿಪ್ಪಿನ ಆಪರೇಷನ್ನಿನಲ್ಲಿ ಬಳಸುವ ಸಿಮೆಂಟಿನಿಂದಲೂ ಅಂಥವರಿಗೆ ತೊಂದರೆ ಆಗಬಹುದು, ಯಾಕೆಂದರೆ ಅವುಗಳಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತದೆ. ಸಾಮಾನ್ಯ ಗ್ಲೌಸ್ ಹಾಕಿದರೂ ಜೆಲ್ ಸ್ವಲ್ಪ ಹೊತ್ತಿಗೆ ಅದರೊಳಗೆ ಇಳಿಯುತ್ತದೆ, ಆಗಾಗ ಬದಲಿಸಬೇಕು. ಡಾಕ್ಟರ್ ಇದನ್ನೆಲ್ಲ ನನ್ನ ಸಲುವಾಗಿ ಹೇಳಿದ್ದರು. ಗಿರಾಕಿ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಮುಟ್ಟುವುದನ್ನು ಈ ಹುಡುಗಿ ದಿನಕ್ಕೆ ಆರು ಏಳು ಸಲ ಬರಿಗೈಯಲ್ಲಿ ಮುಟ್ಟುತ್ತಾಳೆ.

ಬಾಟಲಿ ತೋರಿಸಿ ಅಂದೆ. ದಾಳಿಂಬೆ ಬಣ್ಣದ್ದೇ ತಂದಳು. ಅದರ ಮೇಲೆ ಒಂದು ನಂಬರ್, ಒಂದು ಹೂವಿನ ಚಿತ್ರ. ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಎಂದಿನ ತನಕ ಬಳಸಬೇಕು ಅಂತ ಇಲ್ಲ, ಏನೇನು ಹಾಕಿದ್ದಾರೆ ಅಂತ ಇಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಸಿದವರ ವಿಳಾಸ, ಎಂದಿನ ತನಕ ಬಳಸಬೇಕು ಅನ್ನೋದು ಲೇಬಲ್ ಮೇಲೆ ಇರಲೇಬೇಕು. ಜೆಲ್ ಬೇಗ ಗಟ್ಟಿಯಾಗಲೆಂದು ಹಾಕುವ ಟಿಪಿಒ ಅನ್ನೋ ಒಂದು ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಈ ಬಾಟಲಿಯಲ್ಲಿ ಅದು ಇದೆಯೋ ಇಲ್ಲವೋ ಅಂತ ನೋಡಲು ಒಂದಕ್ಷರವೂ ಇರಲಿಲ್ಲ. ಒಡತಿಯೂ ಅವತ್ತೇ ಅದನ್ನು ತಿರುಗಿಸಿ ನೋಡಿದ್ದು ಅಂತ ಅವರ ಮುಖ ಹೇಳುತ್ತಿತ್ತು.

ನಾನು ಬರೆದುಕೊಂಡು ಹೋದ ಮೂರು ಸಾಲಿನ ಹಾಳೆ ಅವರ ಕೈಗೆ ಕೊಟ್ಟೆ. 1,800 ಅಲ್ಲಿಯೇ ಕಳಿಸಿದರು. ಔಷಧದ ಖರ್ಚಿನ ಮಾತಿಗೆ ಮಾತ್ರ, "ಅದು ನಮ್ಮ ಜವಾಬ್ದಾರಿ ಅಲ್ರಿ" ಅಂದರು. ಆಗ ನನಗೆ ಬಳೆಗಾರ ನೆನಪಾದ. ಕಾಯ್ದೆ, ಆಯೋಗ ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಬಾಯಿಗೆ ಬಂದದ್ದು ಬೇರೆ. "ನೀವು ಬಳಿ ಇಡಿಸ್ಕೊಂಡೀರಲ್ರಿ? ಇಡಿಸುವಾಗ ಬಳಿ ಒಡದ್ರ ಬಳಿಗಾರ ನಿಮ್ಮ ಕಡೆ ರೊಕ್ಕ ಕೇಳ್ತಾನೇನ್ರಿ? ಕೈಗೆ ಗಾಜ ತಾಗಿತೇನೋ ಅಂತ ಮೊದಲ ನೋಡ್ತಾನ."

ಅವರು ಏನೂ ಅನ್ನಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಇದೇ ಮಾತನ್ನು ಬರೆದು ಕೊಡುತ್ತೇನೆ, ಹತ್ತು ದಿನ ನೋಡುತ್ತೇನೆ, ಆಮೇಲೆ 1915ಕ್ಕೆ ಫೋನ್ ಮಾಡುತ್ತೇನೆ ಅಂತ ಹೇಳಿ ಬಂದೆ. ಬರೆದು ಕೊಟ್ಟೆ ಕೂಡ. ಒಂದು ಪ್ರತಿಗೆ ಅವರ ಸಹಿ ಹಾಕಿಸಿಕೊಂಡೆ. ಅದರಲ್ಲಿ ಒಂದು ಸಾಲು ಹೆಚ್ಚು ಸೇರಿಸಿದೆ. ನನಗೆ ಆದ ಖರ್ಚನ್ನು ಆ ಹುಡುಗಿಯ ಪಗಾರದಿಂದ ಹಿಡಿಯಬಾರದು.

ಆರನೆಯ ದಿನ 1,460 ಬಂತು. ಜೊತೆಗೆ ಒಂದು ಫೋಟೊ ಕಳಿಸಿದ್ದರು. ಮೇಜಿನ ಮೇಲೆ ಸಣ್ಣ ಆಟೋಕ್ಲೇವ್, ಪಕ್ಕದಲ್ಲಿ ಎರಡು ಡಬ್ಬಿ ಗ್ಲೌಸ್. ಅದನ್ನು ನೋಡಿ ನನಗೆ ನಿಜವಾಗಿ ಖುಷಿಯಾಯಿತು. ದಿನಾ ಬಳಸುತ್ತಾರಾ ಅಂತ ಕೂತು ಕಾಯಲು ನನಗಾಗದು. ಆದರೆ ನಾದಿನಿ ಮುಂದಿನ ತಿಂಗಳು ಅಲ್ಲಿಗೇ ಹೋಗಿದ್ದಳು, ನಾನು ಬೇಡ ಅನ್ನಲಿಲ್ಲ. ಕೂರುವ ಮುಂಚೆ ನಿಪ್ಪರ್ ಬೇಡ, ಕ್ಯುಟಿಕಲ್ ಮುಟ್ಟಬೇಡಿ, ಉರಿದರೆ ಕೈ ತೆಗೀತೀನಿ ಅಂತ ಹೇಳಿಯೇ ಕೂತಳಂತೆ. ಸಾಮಾನನ್ನು ಅವಳ ಎದುರೇ ಕವರ್ ಒಡೆದು ತೆಗೆದರಂತೆ. ಕೊನೆಗೆ ಬಿಲ್ ಕೊಟ್ಟರಂತೆ.

ನನ್ನ ಬೆರಳು ಮಾಯಿತು. ಉಗುರಿನ ಮೇಲೆ ಡ್ರಿಲ್ ನಿಂತ ಕಡೆ ಅಡ್ಡಕ್ಕೆ ಒಂದು ಗೆರೆ ಉಳಿದಿದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಗೆರೆ ಈಗ ಅರ್ಧ ದಾರಿಯಲ್ಲಿದೆ. ಪಾಠ ಮಾಡುವಾಗ ಚಾಕ್‌ಪೀಸ್ ಹಿಡಿದ ಬೆರಳಿನಲ್ಲಿ ಕಾಣುತ್ತದೆ. ಮೊನ್ನೆ ಎಂಟನೆಯ ಕ್ಲಾಸಿನ ಒಬ್ಬ ಹುಡುಗಿ ಪಾಠದ ನಡುವೆ ಎದ್ದು, ಟೀಚರ್ ಹೊಟ್ಟೆ ನೋವಾಗ್ತದ್ರಿ ಅಂದಳು. ಮೊದಲೆಲ್ಲ ಪಿರಿಯಡ್ ಮುಗಿಯಲಿ, ಸ್ವಲ್ಪ ತಡ್ಕೋ ಅಂತಿದ್ದೆ. ಅವತ್ತು ಪುಸ್ತಕ ಮುಚ್ಚಿ ಅವಳ ಹತ್ತಿರ ಹೋದೆ.

ಅಂಗಡಿಯಿಂದ ಹೊರಡುವ ದಿನ ಆ ಹುಡುಗಿಯ ನಂಬರ್ ತಗೊಂಡಿದ್ದೆ, ಡಾಕ್ಟರ ವಿಳಾಸ ಕಳಿಸಿದ್ದೆ. ವಾರಕ್ಕೊಮ್ಮೆ ಕೇಳುತ್ತಿದ್ದೆ. ನೋಡಿದ ಗುರುತು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಹೆದರಿದ್ದಾಳೆ ಅಂದುಕೊಂಡೆ. ನಿನ್ನೆ ರಾತ್ರಿ ಮತ್ತೆ ಕೇಳಿದೆ, "ಕೈ ಹೆಂಗೈತಿ? ತೋರಿಸಿದಿ?"

ಹತ್ತು ನಿಮಿಷಕ್ಕೆ ಒಂದು ಫೋಟೊ ಬಂತು. ಎರಡೂ ಅಂಗೈ ಮೇಲ್ಮುಖ ಮಾಡಿ ಇಟ್ಟು ತೆಗೆದದ್ದು. ಬಿರುಕುಗಳು ಇನ್ನೂ ಇವೆ. ಕೆಳಗೆ ಬರೆದಿದ್ದಳು: "ಭಾಳ ನೋಯ್ತಾವ ಅಕ್ಕಾ. ಸೋಮವಾರ ಸೂಟಿ ಕೇಳೇನಿ. ನೀವು ಜೋಡಿ ಬರ್ತೀರೇನ್ರಿ?"

ಸೋಮವಾರ ನನಗೆ ಮೂರನೆಯ ಪಿರಿಯಡ್‌ನಿಂದ ಬಿಡುವಿದೆ. ಬರ್ತೀನಿ ಅಂತ ಬರೆದೆ.